ಇಬ್ಬರೂ ಶಿಕ್ಷಕರಾಗಿಯೇ ಹೋಗಿ

ಬೀದರ್, ಭಾಲ್ಕಿ, ಔರಾದ್ ಕಡೆಯಿಂದ ಪರದೇಶದ ಶಾಲೆಗಳಿಗೆ ಹೊರಟಿರುವ ಹೊಸ ಮದುವೆಯ ಶಿಕ್ಷಕ ದಂಪತಿಗಳಿಗೊಂದು ಬಹಿರಂಗ ಪತ್ರ

ಪ್ರೀತಿಯ ತಮ್ಮಂದಿರೇ, ತಂಗಿಯರೇ,



ಬಿ.ಎಡ್. ಮುಗಿಸಿ, ಎರಡು ಮೂರು ವರ್ಷ ಖಾಸಗಿ ಶಾಲೆಯಲ್ಲಿ ದುಡಿದು, ಮದುವೆಯಾಗಿ, ಈಗ ಮಸ್ಕತ್, ದುಬೈ, ದಮ್ಮಾಮ್, ಮಾಲ್ಡೀವ್ಸ್ ಎಂದು ಹೊರಡುವ ತಯಾರಿಯಲ್ಲಿದ್ದೀರಿ. ನಿಮ್ಮಲ್ಲಿ ಕೆಲವರು ನಮ್ಮ ಮನೆಗೇ ಬಂದು ಕೇಳಿದ್ದೀರಿ: ಪಗಾರ ಎಷ್ಟು ಬರುತ್ತದೆ, ಏಜೆಂಟನಿಗೆ ಎಷ್ಟು ಕೊಡಬೇಕು, ಅಲ್ಲಿ ಜೋಳದ ಹಿಟ್ಟು ಸಿಗುತ್ತದೆಯೇ ಎಂದು. ಒಬ್ಬೊಬ್ಬರಿಗೆ ಹೇಳಿದ್ದನ್ನು ಎಲ್ಲರೂ ಓದಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ.

ನಾನು ಔರಾದ್ ತಾಲ್ಲೂಕಿನಲ್ಲಿ ಹುಟ್ಟಿದವಳು, ಭಾಲ್ಕಿಗೆ ಸೊಸೆಯಾಗಿ ಬಂದವಳು, ಈಗ ಬೀದರ್‌ನಲ್ಲಿ ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಕಲಿಸುತ್ತೇನೆ. ಮದುವೆಯಾದ ಹೊಸದರಲ್ಲಿ ನಾವಿಬ್ಬರೂ ಮಾಲ್ಡೀವ್ಸ್‌ನ ಒಂದು ಸಣ್ಣ ದ್ವೀಪದ ಶಾಲೆಯಲ್ಲಿ ಕೆಲಸ ಮಾಡಿದೆವು. ನಮ್ಮ ಯಜಮಾನರು ಗಣಿತಕ್ಕೆ, ನಾನು ಜೀವಶಾಸ್ತ್ರಕ್ಕೆ. ಆ ವರ್ಷಗಳಿಂದ ನನಗೆ ಗಟ್ಟಿಯಾದ ಒಂದು ಮಾತಿದೆ, ಉಳಿದದ್ದೆಲ್ಲ ಅದರ ಹಿಂದೆ ಬರುತ್ತದೆ. ಹೋಗುವುದಾದರೆ ಇಬ್ಬರೂ ಶಿಕ್ಷಕರಾಗಿಯೇ ಹೋಗಿ. ಗಂಡನಿಗೆ ನೌಕರಿ, ಹೆಂಡತಿಗೆ ಬರೀ ಜೊತೆಗಿರುವ ವೀಸಾ, ಅಲ್ಲಿಗೆ ಹೋದ ಮೇಲೆ ಅವಳದೂ ನೋಡಿದರಾಯಿತು ಎಂಬ ಮಾತಿಗೆ ಒಪ್ಪಬೇಡಿ.

ನಮ್ಮ ಕಡೆ ಹುಡುಗಿಯ ಬಿ.ಎಡ್. ಲೆಕ್ಕಕ್ಕೆ ಬರುವುದು ಮಾತುಕತೆಯ ದಿನ. ಹುಡುಗಿ ಕಲಿತವಳು, ನಾಳೆ ನೌಕರಿ ಮಾಡಿದರೂ ಮಾಡಬಹುದು ಎಂದು ಎರಡೂ ಕಡೆಯವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ವಿಮಾನ ಹತ್ತಿದ ಮೇಲೆ ಆ ಸರ್ಟಿಫಿಕೇಟು ಸೂಟ್‌ಕೇಸಿನ ತಳಕ್ಕೆ ಸೇರುತ್ತದೆ. ನನ್ನ ಜೊತೆ ಓದಿದ ಗೆಳತಿಯೊಬ್ಬಳು ಗಂಡನ ಜೊತೆ ಅರಬ್ ದೇಶಕ್ಕೆ ಹೋದಳು. ನಮ್ಮ ಬ್ಯಾಚಿನಲ್ಲಿ ಅವಳಷ್ಟು ಚೆನ್ನಾಗಿ ಪಾಠ ಮಾಡುವವರು ಇರಲಿಲ್ಲ. ಕಪ್ಪುಹಲಗೆಯ ಮೇಲೆ ಹೃದಯದ ಚಿತ್ರ ಬರೆದರೆ ಹಿಂದಿನ ಬೆಂಚಿನವನೂ ತಲೆ ಎತ್ತುತ್ತಿದ್ದ. ಅಲ್ಲಿ ಅವಳು ಮೂರನೇ ಮಹಡಿಯ ಎರಡು ಕೋಣೆಯಲ್ಲಿ ಗಂಡ ಬರುವುದನ್ನೇ ಕಾಯುತ್ತ ಉಳಿದಳು. ಪಕ್ಕದ ಮನೆಯ ಮಕ್ಕಳಿಗೆ ಟ್ಯೂಷನ್ ಹೇಳಲೂ ಹೆದರಿಕೆ, ಯಾಕೆಂದರೆ ಪರವಾನಗಿ ಇಲ್ಲದೆ ಮನೆಪಾಠ ಮಾಡುವುದು ಅಲ್ಲಿ ಅಪರಾಧ. ಯುಎಇಯಲ್ಲಿ ಇಂಥ ಖಾಸಗಿ ಪಾಠಕ್ಕೆ ಪರವಾನಗಿ ಕೊಡುವ ವ್ಯವಸ್ಥೆ ಬಂದದ್ದೇ 2023ರ ಡಿಸೆಂಬರ್‌ನಲ್ಲಿ. ಈಗ ಅಲ್ಲಿರುವ ತಂಗಿಯರು ಅದನ್ನು ತಿಳಿದುಕೊಳ್ಳಿ, ಅರ್ಜಿಗೆ ಶುಲ್ಕವೂ ಇಲ್ಲ. ಆದರೆ ಗೆಳತಿ ಊರಿಗೆ ಬಂದಾಗ ಹೇಳಿದ ಮಾತು ನನ್ನ ಮನಸ್ಸಿನಿಂದ ಹೋಗಿಲ್ಲ: "ಪಾಠ ಹೇಳೂದು ಮರ್ತೇ ಹೋಗ್ಯಾದ ಅನಸ್ತದ, ಅಕ್ಕಾ."

ಮಾಲ್ಡೀವ್ಸ್‌ನಲ್ಲಿ ನನಗೂ ಯಜಮಾನರಿಗೂ ಬೇರೆ ಬೇರೆ ಕರಾರುಪತ್ರ ಇತ್ತು, ಬೇರೆ ಬೇರೆ ಪಗಾರ ಇತ್ತು. ಅದರಿಂದ ದುಡ್ಡು ಹೆಚ್ಚು ಬಂತು ಎಂಬುದು ಸಣ್ಣ ಮಾತು. ದೊಡ್ಡ ಮಾತೆಂದರೆ ನಮ್ಮ ಸಂಸಾರ ಇಬ್ಬರಿಗೂ ಗೊತ್ತಿದ್ದ ಒಂದೇ ಕೆಲಸದ ಮೇಲೆ ನಿಂತಿತು. ನಮ್ಮದು ಹಿರಿಯರು ನೋಡಿ ಮಾಡಿದ ಮದುವೆ. ಒಬ್ಬರಿಗೊಬ್ಬರು ಅಷ್ಟಾಗಿ ಗೊತ್ತಿರಲಿಲ್ಲ. ಆ ದ್ವೀಪದಲ್ಲಿ ನಾವು ಮೊದಲು ಮನಸ್ಸು ಬಿಚ್ಚಿ ಮಾತಾಡಿದ್ದು ಒಂಬತ್ತನೇ ತರಗತಿಯ ಒಬ್ಬ ಹುಡುಗನ ಬಗ್ಗೆ. ಅವನು ನನ್ನ ಪಾಠದಲ್ಲಿ ಕೈ ಎತ್ತುತ್ತಿದ್ದ, ಅವರ ಗಣಿತದಲ್ಲಿ ಬಾಯಿಯೇ ಬಿಡುತ್ತಿರಲಿಲ್ಲ. ಯಾಕೆ ಎಂದು ರಾತ್ರಿ ಊಟ ಮಾಡುತ್ತ ಇಬ್ಬರೂ ಯೋಚಿಸಿದೆವು. ಅವನ ಅಪ್ಪ ಮೀನು ಹಿಡಿಯುವ ದೋಣಿಯಲ್ಲಿ, ಅವನು ನಸುಕಿನಲ್ಲಿ ಅಪ್ಪನ ಜೊತೆ ದಡದಲ್ಲಿ ಕೆಲಸ ಮಾಡಿ ಶಾಲೆಗೆ ಬರುತ್ತಾನೆ, ಗಣಿತ ಮೊದಲನೇ ಪೀರಿಯಡ್ಡು ಎಂಬುದು ಆಮೇಲೆ ತಿಳಿಯಿತು. ಯಜಮಾನರು ಅವನನ್ನು ಸಂಜೆ ಕೂರಿಸಿಕೊಂಡರು. ನಾನು ರೊಟ್ಟಿ ಬಡಿಯುತ್ತಿದ್ದರೆ ಅವರಿಬ್ಬರೂ ಬಾಗಿಲ ಬಳಿ ಕೂತು ಭಿನ್ನರಾಶಿ ಮಾಡುತ್ತಿದ್ದರು. ನಮ್ಮಿಬ್ಬರಿಗೂ ಒಬ್ಬರ ಕೆಲಸದ ಕಷ್ಟ ಇನ್ನೊಬ್ಬರಿಗೆ ಗೊತ್ತಿದ್ದುದರಿಂದ, ಮನೆಗೆ ಬಂದ ಮೇಲೆ ಯಾರು ಪಾತ್ರೆ ತೊಳೆಯಬೇಕು ಎಂಬ ಪ್ರಶ್ನೆ ಹೆಚ್ಚು ದಿನ ಉಳಿಯಲಿಲ್ಲ. ಭಾಲ್ಕಿಯ ಕೂಡುಕುಟುಂಬದಲ್ಲೇ ಉಳಿದಿದ್ದರೆ ಅವರು ಒಲೆಯ ಮುಂದೆ ಕೂರುವುದನ್ನು ಕಲಿಯುತ್ತಿದ್ದರೋ ಇಲ್ಲವೋ, ನಾನು ಹೇಳಲಾರೆ.

ನಿಮ್ಮಲ್ಲಿ ಬಹಳ ಜನಕ್ಕೆ ಒಂದು ಅಳುಕಿದೆ. ಇಂಗ್ಲಿಷ್ ನಾಲಿಗೆಯ ಮೇಲೆ ಸಲೀಸಾಗಿ ಹರಿಯುವುದಿಲ್ಲ, ಕೇರಳದವರ ಮುಂದೆ, ಬೆಂಗಳೂರಿನವರ ಮುಂದೆ ನಾವೆಲ್ಲಿ ಎಂದು. ಔರಾದ್‌ನ ಒಂದು ತರಗತಿಯನ್ನು ನೆನಪಿಗೆ ತಂದುಕೊಳ್ಳಿ. ಒಂದು ಮಗು ಮನೆಯಲ್ಲಿ ಮರಾಠಿ ಆಡುತ್ತದೆ, ಇನ್ನೊಂದು ತಾಂಡಾದಿಂದ ಲಂಬಾಣಿ ಹೊತ್ತು ಬರುತ್ತದೆ, ಮೂರನೆಯದು ಉರ್ದು, ತೆಲಂಗಾಣದ ಗಡಿಯ ಹಳ್ಳಿಯಾದರೆ ತೆಲುಗು. ಪುಸ್ತಕ ಕನ್ನಡದ್ದು. ಅಲ್ಲಿ ಪಾಠ ಮಾಡಿದವರಿಗೆ, ಮಗು ಸುಮ್ಮನಿದ್ದರೆ ಅದಕ್ಕೆ ವಿಷಯ ತಿಳಿದಿಲ್ಲವೋ ಮಾತು ತಿಳಿದಿಲ್ಲವೋ ಎಂದು ಗುರುತಿಸುವ ಕಣ್ಣು ತಾನಾಗಿ ಬಂದಿರುತ್ತದೆ. ಮಾಲ್ಡೀವ್ಸ್‌ನಲ್ಲಿ ನನಗೆ ಬೇಕಾದದ್ದು ಅದೇ ಕಣ್ಣು. ಅಲ್ಲಿ ಮಕ್ಕಳ ಮನೆಮಾತು ದಿವೇಹಿ, ಶಾಲೆಯ ಪಾಠ ಇಂಗ್ಲಿಷಿನಲ್ಲಿ, ಹೈಸ್ಕೂಲಿನಲ್ಲಿ ಕೇಂಬ್ರಿಡ್ಜ್ ಪರೀಕ್ಷೆ. ದಿವೇಹಿಯ ತಾನಾ ಲಿಪಿ ಬಲದಿಂದ ಎಡಕ್ಕೆ ಹೋಗುತ್ತದೆ. ಮಕ್ಕಳ ದಿವೇಹಿ ನೋಟ್‌ಬುಕ್ ಹಿಂಬದಿಯಿಂದ ತೆರೆಯುವುದನ್ನು ಕಂಡು ಬೇರೆ ಕಡೆಯಿಂದ ಬಂದ ಶಿಕ್ಷಕಿಯರಿಗೆ ವಿಚಿತ್ರ ಅನಿಸಿತು. ಬೀದರ್‌ನ ಓಣಿಯಲ್ಲಿ ಉರ್ದು ಸಾಲಿಯ ಮಕ್ಕಳ ಜೊತೆ ಬೆಳೆದವರಿಗೆ ಅದು ದಿನವೂ ನೋಡಿದ ನೋಟ.

ಒಂದು ದಿನದ ಪಾಠ ಹೇಳುತ್ತೇನೆ. ಪಠ್ಯದಲ್ಲಿ ದನದ ಜೀರ್ಣಾಂಗ ಬಂತು. ಮೆಲುಕು ಹಾಕುವುದು ಎಂದೆ. ಯಾರಿಗೂ ಗೊತ್ತಾಗಲಿಲ್ಲ. ಆ ದ್ವೀಪದಲ್ಲಿ ಒಂದೂ ದನ ಇಲ್ಲ. ಹಾಲು ಅಂದರೆ ಡಬ್ಬಿಯ ಪುಡಿ. ನಮ್ಮೂರಿನ ಎತ್ತುಗಳ ವಿಡಿಯೊ ತರಿಸಿ ತೋರಿಸಿದೆ, ದವಡೆ ಆಡುವುದನ್ನು ನೋಡಿ ಮಕ್ಕಳು ಮತ್ತೆ ಮತ್ತೆ ಹಾಕಿಸಿದರು. ಮುಂದಿನ ಪಾಠ ಮೀನಿನ ಕಿವಿರು. ಮೀನು ಒಳಗೆ ಬಾರದ ಮನೆಯಲ್ಲಿ ಹುಟ್ಟಿದವಳು ನಾನು, ಚಿತ್ರ ನೋಡಿಯೇ ಕಲಿತದ್ದು, ಚಿತ್ರ ಬರೆದೇ ಕಲಿಸಿದ್ದು. ಮರುದಿನ ಹುಡುಗಿಯೊಬ್ಬಳು ಟ್ಯೂನಾ ಮೀನಿನ ತಲೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ತಂದಳು. ಹೆಬ್ಬೆರಳಿಂದ ಮುಚ್ಚಳ ಎತ್ತಿ, ಒಳಗಿನ ಕೆಂಪು ಎಳೆಗಳನ್ನು ಬಾಚಣಿಗೆಯ ಹಲ್ಲಿನಂತೆ ಬಿಡಿಸಿ, ನೀರು ಎಲ್ಲಿಂದ ಬರುತ್ತದೆ, ಎಲ್ಲಿ ಹೋಗುತ್ತದೆ ಎಂದು ನನಗೇ ತೋರಿಸಿದಳು. ನಾನು ಕೈ ಚಾಚಿ ಮುಟ್ಟಿದೆ. ಅವತ್ತು ಆ ತರಗತಿ ನನ್ನನ್ನು ತನ್ನವಳೆಂದು ಒಪ್ಪಿಕೊಂಡಿತು. ಬೇರೆ ನೆಲದ ಮಕ್ಕಳಿಗೆ ಕಲಿಸಬೇಕಾದರೆ ಆ ನೆಲಕ್ಕೆ ಗೊತ್ತಿರುವುದನ್ನು ಮೊದಲು ನೀವು ಕಲಿಯಬೇಕು. ಅದಕ್ಕೆ ಮನಸ್ಸಿಲ್ಲದವರು ಬರೀ ಪಗಾರಕ್ಕಾಗಿ ಹೋಗಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಇರುವ ಜಾಗದ ವಿಷಯ ಬಹಳ ಮುಖ್ಯ, ಅದನ್ನು ಯಾರೂ ಮೊದಲೇ ಕೇಳುವುದಿಲ್ಲ. ಬೀದರ್‌ನವರಾದ ನಮಗೆ ಇದು ಗೊತ್ತಿರಬೇಕಿತ್ತು. ಇರಾನಿನ ಗೀಲಾನ್‌ನಿಂದ ವ್ಯಾಪಾರಿಯಾಗಿ ಬಂದು ಬಹಮನಿ ರಾಜ್ಯದ ಪ್ರಧಾನಿಯಾದ ಮಹಮೂದ್ ಗಾವಾನ್ 1472ರಲ್ಲಿ ನಮ್ಮೂರಿನಲ್ಲಿ ಮದರಸಾ ಕಟ್ಟಿಸಿದಾಗ, ದೂರದೇಶದ ವಿದ್ವಾಂಸರು ಬಂದು ಕಲಿಸಲಿ ಎಂಬುದೇ ಅವನ ಆಸೆ. ಹೆರಾತಿನ ಕವಿ ಜಾಮಿಗೂ ಬನ್ನಿ ಎಂದು ಬರೆದಿದ್ದ, ಆತ ಬರಲಿಲ್ಲ. ಬಂದವರಿಗಾಗಿ ಮೂರಂತಸ್ತಿನ ಕಟ್ಟಡದೊಳಗೇ ಪಾಠದ ಕೋಣೆ, ಗ್ರಂಥಾಲಯ, ಮಸೀದಿ, ವಿದ್ಯಾರ್ಥಿಗಳ ಕೋಣೆಗಳ ಜೊತೆಗೆ ಉಪಾಧ್ಯಾಯರ ವಾಸದ ಕೋಣೆಗಳನ್ನೂ ಕಟ್ಟಿಸಿದ. 1481ರಲ್ಲಿ ಸುಳ್ಳು ಪತ್ರದ ಸಂಚಿಗೆ ಅವನು ಬಲಿಯಾದ. ಕಟ್ಟಡವೂ ಮುಂದೆ ಮದ್ದುಗುಂಡಿನ ಸ್ಫೋಟದಲ್ಲಿ ಒಂದು ಭಾಗ ಕುಸಿಯಿತು. ಉಳಿದ ಮಿನಾರು ಇವತ್ತಿಗೂ ನಿಂತಿದೆ. ಪರದೇಶದ ಮಾಸ್ತರನನ್ನು ಕರೆಸುವವನು ಅವನು ಎಲ್ಲಿ ಮಲಗುತ್ತಾನೆ ಎಂಬುದನ್ನು ಮೊದಲು ಯೋಚಿಸಬೇಕು ಎಂದು ಐನೂರು ವರ್ಷದ ಹಿಂದೆ ಬೀದರ್‌ನಲ್ಲಿ ತಿಳಿದಿತ್ತು. ನಿಮ್ಮನ್ನು ಕರೆಸುವವರಿಗೂ ಅದನ್ನೇ ಕೇಳಿ. ನಮಗೆ ಬೇರೆ ಮನೆ ಎಂದು ಹೇಳಿ ಕಳಿಸಿದ ಏಜೆಂಟನ ಮಾತು ನಂಬಿ ಹೋದರೆ, ಸಿಕ್ಕದ್ದು ಇನ್ನೊಬ್ಬರ ಮನೆಯ ಒಂದು ಕೋಣೆ, ಪಾಲಿನ ಅಡುಗೆಮನೆ. ಮನೆಯವರು ಒಳ್ಳೆಯವರಾದ್ದರಿಂದ ನಾವು ನಿಭಾಯಿಸಿದೆವು. ಆದರೆ ಅದೇ ದ್ವೀಪಸಮೂಹದಲ್ಲಿ ಇನ್ನೊಂದು ಜೋಡಿಗೆ ಗಂಡನಿಗೊಂದು ದ್ವೀಪ, ಹೆಂಡತಿಗೊಂದು ದ್ವೀಪ ಬಂತು. ನಡುವೆ ಸಮುದ್ರ, ದೋಣಿ ಬರುವುದು ಹವೆ ನೋಡಿಕೊಂಡು. ಮದುವೆಯಾಗಿ ವರ್ಷವೂ ತುಂಬದವರು ಅವರು. ಆದ್ದರಿಂದ ಇಬ್ಬರಿಗೂ ಒಂದೇ ಊರು, ಒಂದೇ ಮನೆ, ಬಾಡಿಗೆ ಯಾರದು, ಕರೆಂಟು ಬಿಲ್ ಯಾರದು, ರಜೆಗೆ ಬರುವ ಟಿಕೆಟ್ಟು ಯಾರದು ಎಂಬುದು ಕರಾರಿನಲ್ಲೇ ಬರಲಿ. ಫೋನಿನಲ್ಲಿ ಹೇಳಿದ್ದು ಸಾಲದು.

ಕಾಗದಪತ್ರದ ಕೆಲಸ ಬೇಸರ ತರಿಸುತ್ತದೆ, ಆದರೂ ಏಜೆಂಟನಿಗೆ ಪೂರ್ತಿ ಬಿಡಬೇಡಿ. ಪದವಿ, ಬಿ.ಎಡ್., ಮದುವೆಯ ನೋಂದಣಿ ಪತ್ರ, ಇವಕ್ಕೆ ಮೊದಲು ರಾಜ್ಯದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ್ದು. ಒಮಾನ್‌ನಂಥ ದೇಶಕ್ಕೆ ಸಚಿವಾಲಯದ ಅಪಾಸ್ಟಿಲ್ ಮುದ್ರೆ ಸಾಕು, ಯುಎಇಗಾದರೆ ಅವರ ರಾಯಭಾರ ಕಚೇರಿಯ ಮುದ್ರೆಯೂ ಬೇಕು. ಮದುವೆಯನ್ನು ಮಠದಲ್ಲೋ ಕಲ್ಯಾಣಮಂಟಪದಲ್ಲೋ ಮಾಡಿಕೊಂಡು ನೋಂದಣಿ ಮಾಡಿಸದೆ ಬಿಟ್ಟವರು ನಮ್ಮಲ್ಲಿ ಬಹಳ, ಮೊದಲು ಅದನ್ನು ಮಾಡಿಸಿ. ಏಜೆಂಟನಿಗೆ ಸರ್ಕಾರದ ನೋಂದಣಿ ಇದೆಯೇ ಎಂದು ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಬಹುದು. ಕಾನೂನಿನ ಪ್ರಕಾರ ಅವನು ನಿಮ್ಮಿಂದ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಲಕ್ಷಗಟ್ಟಲೆ ಕೇಳಿದರೆ, ಹೊಲ ಅಡ ಇಡುವ ಮಾತು ಮನೆಯಲ್ಲಿ ಬಂದರೆ, ಅಲ್ಲಿಗೇ ಎದ್ದು ಬನ್ನಿ. ಮಾಲ್ಡೀವ್ಸ್‌ಗೆ ಭಾರತೀಯರು ಪ್ರವಾಸಿಗಳಾಗಿ ಹೋದರೆ ಅಲ್ಲಿ ಇಳಿದಾಗಲೇ ವೀಸಾ ಸಿಗುತ್ತದೆ, ಅದನ್ನೇ ತೋರಿಸಿ ಹೋದ ಮೇಲೆ ನೌಕರಿಯ ವೀಸಾ ಮಾಡಿಸುತ್ತೇನೆ ಎನ್ನುವವರಿದ್ದಾರೆ. ನಂಬಬೇಡಿ. ಪಾಸ್‌ಪೋರ್ಟ್ ಯಾರ ಕೈಗೂ ಇಟ್ಟುಕೊಳ್ಳಲು ಕೊಡಬೇಡಿ.

ದುಡ್ಡಿನ ವಿಷಯದಲ್ಲಿ ತಂಗಿಯರಿಗೆ ಬೇರೆಯಾಗಿ ಹೇಳುತ್ತೇನೆ. ನಿನ್ನ ಪಗಾರ ನಿನ್ನ ಹೆಸರಿನ ಖಾತೆಗೆ ಬರಲಿ. ಹೊರದೇಶದಲ್ಲಿ ದುಡಿಯುವವರಿಗೆ ಇಲ್ಲಿನ ಬ್ಯಾಂಕಿನಲ್ಲಿ ಎನ್‌ಆರ್‌ಇ ಖಾತೆ ಇರುತ್ತದೆ, ಅದರ ಬಡ್ಡಿಗೆ ಇಲ್ಲಿ ಆದಾಯ ತೆರಿಗೆ ಇಲ್ಲ. ಅದು ನಿನಗೊಂದು, ಅವರಿಗೊಂದು ಇರಲಿ. ಅಲ್ಲಿಂದ ಅತ್ತೆಮನೆಯ ಸಾಲಕ್ಕೆ, ನಾದಿನಿಯ ಮದುವೆಗೆ, ತವರಿನ ಅಪ್ಪನ ಔಷಧಕ್ಕೆ ಇಬ್ಬರೂ ಕೂಡಿಯೇ ಕಳಿಸಿ. ಆದರೆ ಯಾರ ದುಡಿಮೆಯಿಂದ ಎಷ್ಟು ಹೋಯಿತು ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿರಲಿ. ಮಾಲ್ಡೀವ್ಸ್‌ನಲ್ಲಿ ಪಗಾರ ರುಫಿಯಾದಲ್ಲಿ ಬರುತ್ತದೆ, ಊರಿಗೆ ಕಳಿಸಬೇಕಾದರೆ ಡಾಲರ್ ಬೇಕು, ಬ್ಯಾಂಕಿನಲ್ಲಿ ಅದಕ್ಕೆ ತಿಂಗಳ ಮಿತಿ ಇದೆ. ಹೋಗುವ ಮುಂಚೆ ಆ ಮಿತಿ ಈಗ ಎಷ್ಟೆಂದು ಕೇಳಿಕೊಳ್ಳದೆ ಇಲ್ಲಿ ಯಾರಿಗೂ ತಿಂಗಳಿಗಿಷ್ಟು ಕಳಿಸುತ್ತೇವೆ ಎಂದು ಮಾತು ಕೊಡಬೇಡಿ.

ಮಾಲ್ಡೀವ್ಸ್‌ನಲ್ಲಿ ಊಟಕ್ಕೆ ತೊಂದರೆ ಇಲ್ಲ. ಈರುಳ್ಳಿ, ಆಲೂಗಡ್ಡೆ, ಅಕ್ಕಿ, ಗೋಧಿಹಿಟ್ಟು, ಬೇಳೆ ಎಲ್ಲ ನಮ್ಮ ದೇಶದಿಂದಲೇ ಹೋಗುತ್ತವೆ, 1981ರ ವ್ಯಾಪಾರ ಒಪ್ಪಂದದ ಮೇಲೆ. ಜೋಳದ ಹಿಟ್ಟನ್ನು ಮಾತ್ರ ಊರಿಂದಲೇ ಒಯ್ಯಿರಿ. ಎಳ್ಳಮಾವಾಸ್ಯೆಗೆ ಭಜ್ಜಿಗೆ ಬೇಕಾದ ಕಾಳು, ಸೊಪ್ಪು ಎಲ್ಲ ಸಿಗಲಿಲ್ಲ, ಸಿಕ್ಕಷ್ಟರಲ್ಲಿ ಮಾಡಿ, ಹೊಲ ಇಲ್ಲದ ಊರಿನಲ್ಲಿ ತೆಂಗಿನ ಮರದ ಕೆಳಗೆ ಕೂತು ಉಂಡೆವು. ಆ ದೇಶಕ್ಕೆ ಪೂಜೆಯ ವಿಗ್ರಹ ಒಯ್ಯುವಂತಿಲ್ಲ. ಅದನ್ನು ತಿಳಿದು, ಆ ಕಾನೂನಿಗೆ ಮರ್ಯಾದೆ ಕೊಟ್ಟು ಇರುವುದಾದರೆ ಹೋಗಿ.

ಮಕ್ಕಳಾಗುವ ವಿಷಯ ಮುಂಚೆಯೇ ಇಬ್ಬರೂ ಮಾತಾಡಿಕೊಳ್ಳಿ. ಹೆರಿಗೆ ರಜೆ ದೇಶದಿಂದ ದೇಶಕ್ಕೆ ಬೇರೆ. ಒಮಾನ್‌ನ 2023ರ ಕಾರ್ಮಿಕ ಕಾಯ್ದೆ 98 ದಿನ ಕೊಡುತ್ತದೆ, ಯುಎಇಯ ಖಾಸಗಿ ಶಾಲೆಗಳಲ್ಲಿ 60 ದಿನ. ಹೆಂಡತಿ ನೌಕರಿಯಲ್ಲಿದ್ದರೆ ಇದು ಅವಳ ಹಕ್ಕು, ಬರೀ ಜೊತೆಗೆ ಬಂದವಳಾದರೆ ಈ ಮಾತೇ ಬರುವುದಿಲ್ಲ. ಮಗು ಅಲ್ಲಿಯೇ ಹುಟ್ಟಿದರೆ ಒಂದು ವರ್ಷದೊಳಗೆ ನಮ್ಮ ರಾಯಭಾರ ಕಚೇರಿಯಲ್ಲಿ ಜನನ ನೋಂದಣಿ ಮಾಡಿಸಬೇಕು, ಇಲ್ಲದಿದ್ದರೆ ಪೌರತ್ವಕ್ಕೇ ತೊಡಕು. ಎಳೆಯ ತಾಯಿ ತಂದೆಯ ಗಡಿಬಿಡಿಯಲ್ಲಿ ಇದು ಮರೆತುಹೋಗುತ್ತದೆ.

ಮತ್ತು ಆ ಮಗುವಿಗೆ ಕನ್ನಡ. ನಾವು ಅಕ್ಷರ ಕಲಿಸುವವರು, ನಮ್ಮ ಮಗುವಿಗೇ ನಮ್ಮ ಅಕ್ಷರ ಬಾರದಂತಾದರೆ ಹೇಗೆ? ನಿಜಾಮರ ಆಳ್ವಿಕೆಯಲ್ಲಿ ಈ ನೆಲದಲ್ಲೇ ಕನ್ನಡ ಕಲಿಸುವುದು ಕಷ್ಟವಾಗಿತ್ತು. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಹೇಳಿಕೊಟ್ಟರು. ನಮ್ಮ ಮನೆಗಳಲ್ಲಿ ಹಿರಿಯರು ಅಕ್ಷರ ಕಂಡದ್ದು ಆ ದಾರಿಯಿಂದ. ಅಷ್ಟು ಕಷ್ಟದ ಕಾಲದಲ್ಲಿ ಆಗಿದ್ದು, ಇಬ್ಬರು ಶಿಕ್ಷಕರಿರುವ ಮನೆಯಲ್ಲಿ ಸಂಜೆ ಅರ್ಧ ತಾಸು ಆಗದೇನು? ದುಬೈನಲ್ಲಿ ಇರುವವರಿಗೆ ಇನ್ನೂ ಅನುಕೂಲ. ಅಲ್ಲಿ ಕನ್ನಡ ಮಿತ್ರರು 2014ರಿಂದ ಉಚಿತ ಕನ್ನಡ ಪಾಠಶಾಲೆ ನಡೆಸುತ್ತಿದ್ದಾರೆ. ನಿಮ್ಮ ಮಗುವನ್ನು ಕಳಿಸಿದರೆ ಸಾಲದು, ನೀವೂ ಹೋಗಿ ಪಾಠ ಮಾಡಿ. ಬಿ.ಎಡ್. ಆದವರು ಅಲ್ಲಿಗೆ ಬಹಳ ಬೇಕು.

ಊರಿನಲ್ಲಿ ಎದುರಾಗುವ ಒಂದು ಪ್ರಶ್ನೆಯನ್ನು ನಾನು ಪಕ್ಕಕ್ಕೆ ಸರಿಸಲಾರೆ. "ಇಲ್ಲೇ ಸಾಲಿಗೆ ಮಾಸ್ತರಿಲ್ಲ, ನೀವು ಅಲ್ಲಿ ಹೋಗಿ ಕಲಸ್ತೀರಿ?" ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ನಮ್ಮ ಜಿಲ್ಲೆಯನ್ನು ಕೆಳಗಿನ ಸಾಲಿನಲ್ಲಿ ನೋಡಿ ನೋಡಿ ನೋವಾದವರು ಕೇಳುವ ಪ್ರಶ್ನೆ ಅದು. ನ್ಯಾಯವಾದದ್ದು. ಆದರೆ ಅದನ್ನು ಇಪ್ಪತ್ತಾರು ವರ್ಷದ ಹುಡುಗ ಹುಡುಗಿಗೆ ಕೇಳುವ ಮುಂಚೆ, ಹುದ್ದೆ ತುಂಬದೆ ವರ್ಷಗಟ್ಟಲೆ ಖಾಲಿ ಇಟ್ಟವರಿಗೆ, ಖಾಸಗಿ ಶಾಲೆಯಲ್ಲಿ ಮನೆ ಬಾಡಿಗೆಗೂ ಸಾಲದ ಪಗಾರಕ್ಕೆ ದುಡಿಸಿಕೊಳ್ಳುವವರಿಗೆ ಕೇಳಬೇಕು. 2022ರಲ್ಲಿ 15,000 ಪದವೀಧರ ಶಿಕ್ಷಕರ ನೇಮಕಾತಿ ಕರೆದಾಗ ಅದರಲ್ಲಿ 5,000 ಕಲ್ಯಾಣ ಕರ್ನಾಟಕಕ್ಕೇ ಇದ್ದವು. ನಮ್ಮ ಭಾಗಕ್ಕೆ ಮೀಸಲಾತಿ ಕೊಟ್ಟ ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ನಮ್ಮ ಮಕ್ಕಳಿಗೆ ಸಿಕ್ಕ ಅವಕಾಶ ಅದು. ಅಂಥದ್ದು ಮತ್ತೆ ಬಂದಾಗ ನೀವು ಹೊರಗಿದ್ದರೂ ಅರ್ಜಿ ಹಾಕುವಂತಿರಬೇಕು. ಹೋಗುವ ಮುಂಚೆ ಟಿಇಟಿ ಪಾಸು ಮಾಡಿಕೊಳ್ಳಿ, 2021ರಿಂದ ಆ ಅರ್ಹತೆ ಜೀವನಪೂರ್ತಿ ನಡೆಯುತ್ತದೆ. 371(ಜೆ) ಪ್ರಮಾಣಪತ್ರ ಇಬ್ಬರೂ ತೆಗೆಸಿಟ್ಟುಕೊಳ್ಳಿ. ನಾವು ಮರಳಿದ್ದು ಮಗಳು ಶಾಲೆಗೆ ಸೇರುವ ವಯಸ್ಸಿಗೆ, ಇಲ್ಲಿ ಕಲಿಸಬೇಕು ಎಂಬ ಆಸೆಯಿಂದ. ಮೀನಿನ ತಲೆ ಬಿಡಿಸಿ ತೋರಿಸಿದ ಆ ಹುಡುಗಿ ನನಗೆ ಕಲಿಸಿದ್ದನ್ನು ಈಗ ಬೀದರ್‌ನ ಮಕ್ಕಳ ಮುಂದೆ ಬಳಸುತ್ತೇನೆ. ತೊಗರಿ ಹೂವು, ಜೋಳದ ಬೇರು, ಮೊದಲು ಅವರು ತರುತ್ತಾರೆ, ಆಮೇಲೆ ನಾನು ಪುಸ್ತಕ ತೆಗೆಯುತ್ತೇನೆ.

ಮನೆಯ ಹಿರಿಯರಿಗೂ ಒಂದು ವಿನಂತಿ. ನಾವು ಹೊರಡುವಾಗ ನಮ್ಮ ಅತ್ತೆ, ಶಾಲೆಯ ಮೆಟ್ಟಿಲು ಹತ್ತದವರು, ಎಲ್ಲರ ಮುಂದೆ ಹೇಳಿದ್ದು ಇಷ್ಟೇ: "ಇಬ್ರೂ ಹೋಗ್ಲತ್ತೀರಿ ಅಂದ್ರ ಇಬ್ರೂ ಸಾಲಿ ಕಲಸ್ರಿ. ಅಕಿ ಭಿ ಓದ್ಯಾಳ." ಆ ಮಾತಿನಿಂದ ನಮ್ಮ ಮನೆಯಲ್ಲಿ ಚರ್ಚೆ ಮುಗಿಯಿತು. ನಿಮ್ಮ ಸೊಸೆಗೂ ಅಷ್ಟು ಬೆಂಬಲ ಕೊಡಿ. ಗಂಡನಿಗೆ ಮೊದಲು ನೌಕರಿ ಸಿಕ್ಕಿದ್ದರೆ, ಅವಳಿಗೂ ಸಿಗುವವರೆಗೆ ಒಂದು ಶೈಕ್ಷಣಿಕ ವರ್ಷ ಅವನು ಒಬ್ಬನೇ ಹೋಗಲಿ, ಅವಳು ಇಲ್ಲಿನ ಶಾಲೆಯಲ್ಲಿ ಕಲಿಸುತ್ತಿರಲಿ. ಹೊಸ ಜೋಡಿಗೆ ಆ ಅಗಲಿಕೆ ಕಷ್ಟ, ನನಗೆ ಗೊತ್ತು. ಆದರೂ ಹತ್ತು ವರ್ಷ ಕಲಿಸದೆ ಕೂತವಳ ಕಷ್ಟವನ್ನು ನಾನು ಹತ್ತಿರದಿಂದ ಕಂಡಿದ್ದೇನೆ.

ತಮ್ಮಂದಿರೇ, ಶಾಲೆಯ ಜೊತೆ ಮಾತಾಡುವಾಗ ನಿಮ್ಮ ಸಂದರ್ಶನದಲ್ಲೇ ಅವಳ ವಿಷಯ ಎತ್ತಿ. ಗಂಡ ಹೆಂಡತಿ ಇಬ್ಬರನ್ನೂ ಸೇರಿಸಿಕೊಳ್ಳುವ ಶಾಲೆಗಳು ಇವೆ, ಶಾಲೆಯವರಿಗೂ ಒಂದೇ ಮನೆ ಕೊಟ್ಟರೆ ಸಾಕಾಗುತ್ತದೆ. ಅವಳ ಸಂದರ್ಶನ ಬೇರೆ ನಡೆಯಲಿ, ಅವಳ ಕರಾರನ್ನು ಅವಳೇ ಓದಿ ಸಹಿ ಮಾಡಲಿ. ತಂಗಿಯರೇ, ಅಲ್ಲಿಂದ ಮರಳುವಾಗ ಯಾವ ತರಗತಿಗೆ, ಯಾವ ವಿಷಯ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಕಲಿಸಿದೆ ಎಂದು ಬರೆದ ಅನುಭವ ಪತ್ರವನ್ನು ಶಾಲೆಯ ಮೊಹರಿನೊಂದಿಗೆ ನಿಮ್ಮ ಹೆಸರಿನಲ್ಲಿ ಬೇರೆಯಾಗಿ ತೆಗೆದುಕೊಳ್ಳಿ. ವಿಮಾನ ಹತ್ತಿದ ಮೇಲೆ ಅದನ್ನು ತರಿಸಿಕೊಳ್ಳುವುದು ಬಹಳ ಕಷ್ಟ.

ಇಂತಿ ನಿಮ್ಮ ಅಕ್ಕ,
ಒಬ್ಬ ಶಿಕ್ಷಕಿ, ಬೀದರ್